ಜೆ.ಸಿ. ನಗರದ ಕಲ್ಲುಕಂಬ ಮತ್ತು ಹೈಫಾದ ಸವಾರರು

ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನ್‌ನ ಹೈಫಾ ಬಂದರು ಗೆದ್ದ ನೆನಪಿಗೆ ಸೆಪ್ಟೆಂಬರ್ 23 ಹೈಫಾ ದಿನ. ಅಂದು ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ನಡೆಯುವ ಗೌರವಾರ್ಪಣೆ ಟಿ.ವಿ.ಯಲ್ಲಿ ಬರುತ್ತದೆ. ಅಲ್ಲಿನ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರ್‌ಗಳವು, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರವು. ಮೈಸೂರಿನವರಿಗೆ ಬೆಂಗಳೂರಿನಲ್ಲೇ ಬೇರೆ ಸ್ಮಾರಕವಿದೆ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜೆ.ಸಿ. ನಗರಕ್ಕೆ ಹೋದರೆ ಮೊದಲ ಮಹಾಯುದ್ಧದಲ್ಲಿ ಮಡಿದ ಸವಾರರ ಹೆಸರು ಹೊತ್ತ ಕಲ್ಲುಕಂಬ ಕಾಣುತ್ತದೆ.

1914ರಲ್ಲಿ ಯುದ್ಧ ಶುರುವಾದಾಗ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು. ಕುದುರೆ ಪಡೆಯನ್ನೂ ಕಳಿಸಿಕೊಟ್ಟರು. ಸೂಯೆಜ್ ಕಾಲುವೆ ಕಾಯುತ್ತಾ, ಸಿನಾಯ್ ಮರಳುಗಾಡು ದಾಟಿ ಪ್ಯಾಲೆಸ್ಟೈನ್ ಮುಟ್ಟುವ ಹೊತ್ತಿಗೆ ಆ ಸವಾರರು ಊರು ಬಿಟ್ಟು ವರ್ಷಗಳೇ ಆಗಿದ್ದವು.

1918ರ ಸೆಪ್ಟೆಂಬರ್ 23ರಂದು ಅವರೆದುರು ಇದ್ದದ್ದು ತುರ್ಕರ ಕೈಲಿದ್ದ ಹೈಫಾ ಬಂದರು. ಊರಿಗೆ ಹೋಗುವ ದಾರಿಯ ಒಂದು ಮಗ್ಗುಲಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕುದುರೆ ಕಾಲಿಟ್ಟರೆ ಹೂತುಹೋಗುವ ಕಿಶೋನ್ ನದಿಯ ದಡ. ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮಷೀನ್ ಗನ್. ಇವನ್ನು ಅಡಗಿಸದೆ ಕೆಳಗಿನ ದಾರಿಯಲ್ಲಿ ಯಾರೂ ನುಗ್ಗುವಂತಿರಲಿಲ್ಲ. ಮೈಸೂರಿನ ಸವಾರರಿಗೆ ಬಂದದ್ದು ಆ ಬೆಟ್ಟ ಹತ್ತುವ ಕೆಲಸ. ಕಡಿದಾದ ಏರು, ದಣಿದ ಕುದುರೆಗಳು. ಅತ್ತ ಅವರು ಮೇಲಿನ ಫಿರಂಗಿಗಳತ್ತ ಏರುತ್ತಿದ್ದರೆ ಇತ್ತ ಜೋಧಪುರದವರು ಭರ್ಜಿ ಹಿಡಿದು ಕೆಳಗಿನಿಂದ ನುಗ್ಗಿದರು. ಸಂಜೆಯೊಳಗೆ ಊರು ಕೈಗೆ ಬಂತು. ಜೋಧಪುರದ ಮೇಜರ್ ದಲಪತ್ ಸಿಂಗ್ ಶೇಖಾವತ್ ಆ ದಾಳಿಯಲ್ಲಿ ಪ್ರಾಣ ಕೊಟ್ಟರು. ಹೈಫಾದ ಕಥೆ ಹೇಳುವವರು ಅವರನ್ನು ಮರೆಯುವುದಿಲ್ಲ, ಮರೆಯಲೂಬಾರದು. ಬೆಟ್ಟ ಹತ್ತಿದವರಿಗೆ ಮಾತ್ರ ಆ ಕಥೆಯಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ಹಾಗಂತ ಜೆ.ಸಿ. ನಗರದ ಕಂಬ ಹೈಫಾ ಒಂದಕ್ಕೇ ಸೇರಿದ್ದಲ್ಲ. ಆ ಗೆಲುವಾದ ಒಂದೇ ತಿಂಗಳಿಗೆ, ಅಕ್ಟೋಬರ್ 26ರಂದು, ಅಲೆಪ್ಪೊ ನಗರದಾಚೆಯ ಹರಿತಾನ್‌ನಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಹಿಂದೆ ಸರಿಯುತ್ತಿದ್ದ ತುರ್ಕಿ ಪಡೆಯ ಮೇಲೆ ಏರಿಹೋದರು. ಎದುರಾಳಿಗಳು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ಅಲ್ಲಿ ಬಿದ್ದ ನಮ್ಮವರ ಹೆಣಗಳು ಹೈಫಾಕ್ಕಿಂತ ಹೆಚ್ಚು. ತುರ್ಕಿ ಕದನ ವಿರಾಮಕ್ಕೆ ಸಹಿ ಹಾಕಿದ್ದು ಅಕ್ಟೋಬರ್ 30ಕ್ಕೆ. ಇನ್ನು ನಾಲ್ಕು ದಿನ ತಡೆದಿದ್ದರೆ ಹರಿತಾನ್‌ನಲ್ಲಿ ಮಡಿದವರೂ ಮುಂದೊಂದು ದಿನ ಊರಿನ ಹಡಗು ಹತ್ತುತ್ತಿದ್ದರು. ನನಗೆ ಹೈಫಾದ ಗೆಲುವಿಗಿಂತ ಈ ನಾಲ್ಕು ದಿನಗಳೇ ಹೆಚ್ಚು ಕಾಡುತ್ತವೆ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ಪಡೆಗಳು ಒಂದುಗೂಡಿ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಾದವು. ಹೈಫಾ ದಿನದ ನೆನಪನ್ನು ಅದು ಇಂದಿಗೂ ಉಳಿಸಿಕೊಂಡಿದೆ. ಹರಿತಾನ್‌ಗೆ ಅಂಥ ದಿನವಿಲ್ಲ. ಸೆಪ್ಟೆಂಬರ್ 23ರಂದು ಜೆ.ಸಿ. ನಗರಕ್ಕೆ ಹೋಗುವವರು ಅಕ್ಟೋಬರ್ 26ನ್ನೂ ಗುರುತು ಹಾಕಿಕೊಳ್ಳಲಿ. ಹತ್ತಿರದ ಶಾಲೆಗಳ ಮೇಷ್ಟ್ರುಗಳು ಮಕ್ಕಳನ್ನು ಕರೆತಂದು, ಕಂಬದ ಮೇಲಿನ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಲಿ.