ಕಾಯಿಲೆ ಗೆದ್ದವರ ಬರವಣಿಗೆ: ನಂಬಿಕೆ ಏನು, ನಿಜ ಏನು

ಹೃದಯಾಘಾತದಿಂದ ಬದುಕಿ ಬಂದವರು, ಕೀಮೋ ಮುಗಿಸಿ ಮನೆ ಸೇರಿದವರು ತಮ್ಮ ಅನುಭವ ಬರೆಯಲು ಕೂತರೆ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ‘ಆದದ್ದು ಆಯಿತು, ಮತ್ತೆ ಯಾಕೆ ಕೆದಕುತ್ತೀಯ’ ಎನ್ನುತ್ತಾರೆ ಹಿರಿಯರು. ‘ಬರೆದುಬಿಡು, ಮನಸ್ಸು ಹಗುರಾಗುತ್ತದೆ’ ಎನ್ನುತ್ತಾರೆ ಗೆಳೆಯರು. ಎರಡರಲ್ಲೂ ಅಕ್ಕರೆ ಇದೆ. ಆದರೆ ಎರಡೂ ಪೂರ್ತಿ ನಿಜವಲ್ಲ.

ಮೊದಲು, ಹಗುರಾಗುವ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬದುಕಿನ ಕಹಿ ಘಟನೆ, ಅದು ಎಬ್ಬಿಸಿದ ಭಾವನೆ ಎರಡನ್ನೂ ಬರೆದವರಿಗೆ ಬರೆದ ಕೂಡಲೇ ದುಗುಡ ಹೆಚ್ಚಿತು, ರಕ್ತದೊತ್ತಡವೂ ಏರಿತು. ಆದರೆ ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿ ಹೋಗಿದ್ದು ಕಡಿಮೆಯಾಯಿತು. ಹಾಗಾಗಿ ಮೊದಲ ಪುಟಗಳಲ್ಲಿ ಕಣ್ಣೀರು ಬಂದರೆ ಬರವಣಿಗೆ ತನಗೆ ಒಗ್ಗದು ಎಂದು ಯಾರೂ ಪೆನ್ನು ಕೆಳಗಿಡಬೇಕಿಲ್ಲ.

ಒಳಗಿದ್ದದ್ದನ್ನೆಲ್ಲ ಕಾರಿಕೊಂಡರೆ ಸಾಕು ಎಂಬುದೂ ತಪ್ಪು. ಹೆಚ್ಚು ಪ್ರಯೋಜನ ಪಡೆದವರ ಬರಹಗಳಲ್ಲಿ ದಿನ ಕಳೆದಂತೆ ಕಾರಣ ಹುಡುಕುವ, ‘ಈಗ ಅರ್ಥವಾಯಿತು’ ಎನ್ನುವ ಮಾತುಗಳು ಹೆಚ್ಚುತ್ತಿದ್ದುದನ್ನು ಪೆನ್ನೆಬೇಕರ್ ಗುರುತಿಸಿದರು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಎದೆಯುರಿಯನ್ನು ಗ್ಯಾಸ್ಟ್ರಿಕ್ ಎಂದು ಯಾಕೆ ತಳ್ಳಿಹಾಕಿದೆ? ಯಾರು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು? ಡಿಸ್ಚಾರ್ಜ್ ಆದ ಮೇಲೂ ಮೆಟ್ಟಿಲು ಹತ್ತಲು ಏನು ಭಯ? ಒಂದೊಂದಕ್ಕೂ ಉತ್ತರ ಬರೆಯುತ್ತ ಹೋದಂತೆ ಬರೀ ಹೆದರಿಕೆಯಾಗಿದ್ದದ್ದು ಹಿಂದುಮುಂದು ಇರುವ ಕಥೆಯಾಗುತ್ತದೆ. ಇದಕ್ಕೆ ಸಾಹಿತ್ಯದ ಪರಿಚಯ ಬೇಡ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಅಚ್ಚು ಹಾಕಿಸಲೇಬೇಕೆಂದೂ ಇಲ್ಲ.

ನೆನಪು ಹಸಿಯಾಗಿರುವಾಗಲೇ ಬರೆಯಬೇಕು ಎನ್ನುವವರಿದ್ದಾರೆ. ಐಸಿಯುನಲ್ಲಿ ಮಲಗಿದ್ದವರ ನೆನಪು ಹಸಿಯಾಗಿದ್ದರೂ ನೆಚ್ಚುವಂಥದ್ದಲ್ಲ. ಸನ್ನಿ ಹಿಡಿದಾಗ ಕಂಡ ಭ್ರಮೆ ನಡೆದ ಸಂಗತಿಯಂತೆಯೇ ಉಳಿದುಬಿಡುತ್ತದೆ. ಅದಕ್ಕಾಗಿಯೇ ಯುರೋಪಿನ ಕೆಲವು ದೇಶಗಳಲ್ಲಿ ನರ್ಸ್‌ಗಳು, ಮನೆಯವರು ರೋಗಿಗಾಗಿ ದಿನಚರಿ ಬರೆದಿಡುವ ರೂಢಿ ಬಂತು. 2010ರ ಒಂದು ಅಧ್ಯಯನದಲ್ಲಿ ಅಂಥ ದಿನಚರಿ ಬೇಗ ಸಿಕ್ಕವರಲ್ಲಿ ಶೇ. 5, ಆ ಹೊತ್ತಿಗೆ ಸಿಗದವರಲ್ಲಿ ಶೇ. 13ರಷ್ಟು ಮಂದಿಗೆ ಹೊಸದಾಗಿ ಆಘಾತೋತ್ತರ ಒತ್ತಡದ ಕಾಯಿಲೆ ಕಾಣಿಸಿತು. 2019ರ ಫ್ರಾನ್ಸಿನ ಅಧ್ಯಯನದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೇನೇ ಇರಲಿ, ಹೊರಗೆ ಬೆಂಚಿನ ಮೇಲೆ ಕಾದವರನ್ನು ಕೇಳದೆ ನಮ್ಮ ಕಥೆ ಪೂರ್ತಿಯಾಗದು. ತಿಂಗಳುಗಳೇ ಕಳೆದರೂ ಪರವಾಗಿಲ್ಲ, ಕೇಳಿ ಬರೆಯಿರಿ.

ಇನ್ನು, ಬರೆದರೆ ರೋಗ ವಾಸಿಯಾಗುವುದೇ? ಇಲ್ಲ. 146 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2006ರ ವಿಶ್ಲೇಷಣೆಯಲ್ಲಿ ಬರವಣಿಗೆಯ ಲಾಭ ಇದೆಯೆಂದು ಕಂಡರೂ ಅದು ಸಣ್ಣದು. ಮಾತ್ರೆ, ತಪಾಸಣೆ ಯಾವುದನ್ನೂ ಬಿಡುವಂತಿಲ್ಲ. ಆದರೆ ವಾಸಿಯಾಗದಿದ್ದರೂ ಬರೆದದ್ದು ವ್ಯರ್ಥವಲ್ಲ. ಪಾರ್ಶ್ವವಾಯುವಿನಿಂದ ದೇಹವೆಲ್ಲ ಮರಗಟ್ಟಿದ ಫ್ರೆಂಚ್ ಪತ್ರಕರ್ತ ಜಾನ್ ಡೊಮಿನಿಕ್ ಬೊಬಿ ಎಡಗಣ್ಣಿನ ರೆಪ್ಪೆ ಮಿಟುಕಿಸಿ ಒಂದೊಂದೇ ಅಕ್ಷರವಾಗಿ ತಮ್ಮ ಅನುಭವದ ಪುಸ್ತಕ ಬರೆಸಿದರು. 1997ರ ಮಾರ್ಚ್‌ನಲ್ಲಿ ಪುಸ್ತಕ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದನ್ನು ಸೋಲಿನ ಪುಸ್ತಕ ಎನ್ನಲು ನನಗೆ ಬಾಯಿ ಬಾರದು. ಕನ್ನಡದಲ್ಲೂ ಭಾರತಿ ಬಿ.ವಿ. ತಮ್ಮ ಕ್ಯಾನ್ಸರ್ ಅನುಭವವನ್ನು ‘ಸಾಸಿವೆ ತಂದವಳು’ ಕೃತಿಯಲ್ಲಿ ಬರೆದಿದ್ದಾರೆ. ಕಾಯಿಲೆಯ ಕಥೆ ‘ಹೋರಾಡಿ ಗೆದ್ದೆ’ ಎಂದೇ ಮುಗಿಯಬೇಕೆಂದು ಬರೆಯುವವರ ಮೇಲೆ ಹೊರೆ ಹೊರಿಸುವುದು ಅನ್ಯಾಯ. ಹೆದರಿದ್ದೆ, ಈಗಲೂ ಹೆದರಿಕೆ ಇದೆ ಎಂದು ಬರೆಯುವ ಹಕ್ಕು ಅವರಿಗಿದೆ.

‘ಮತ್ತೆ ಯಾಕೆ ಕೆದಕುತ್ತೀಯ’ ಎನ್ನುವ ಹಿರಿಯರ ಮಾತಿನಲ್ಲೂ ಹುರುಳಿದೆ. ಹೃದಯಾಘಾತವಾದವರ ಪೈಕಿ ಸುಮಾರು ಎಂಟರಲ್ಲಿ ಒಬ್ಬರಿಗೆ ಆಘಾತೋತ್ತರ ಒತ್ತಡದ ಲಕ್ಷಣಗಳು ಕಾಣುತ್ತವೆ. ಬರೆಯುವಾಗ ಉಸಿರು ಕಟ್ಟಿದಂತಾದರೆ, ರಾತ್ರಿ ಬೆಚ್ಚಿ ಏಳುವುದು ಹೆಚ್ಚಿದರೆ ಆ ಪುಟ ಅಲ್ಲಿಗೇ ಬಿಟ್ಟು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.