ಒಂದು ಫೋನಿನ ಇಂಟರ್‌ನೆಟ್ ಮನೆಯ ಕಂಪ್ಯೂಟರಿಗೂ: ಬ್ಲೂಟೂತ್ ಹಂಚಿಕೆಯ ವಿಧಾನ



ಮಳೆಗಾಲ ಹಿಡಿದೊಡನೆ ನಮ್ಮ ತೋಟದ ಮನೆಗಳಿಗೆ ಎರಡು ಕೊರತೆಗಳು ಒಟ್ಟಿಗೇ ಬರುತ್ತವೆ. ಒಂದು ವಿದ್ಯುತ್ತು, ಇನ್ನೊಂದು ಸಿಗ್ನಲ್. ಆರಿದ್ರೆಯಿಂದ ಆಶ್ಲೇಷೆಯವರೆಗೆ ಮರ ಬಿದ್ದು ತಂತಿ ಹರಿಯದ ವಾರವೇ ಕಡಿಮೆ. ಅಡಿಕೆಗೆ ಬೋರ್ಡೋ ಮದ್ದು ಹೊಡೆಯಲು ಹೊಳವು ಯಾವಾಗ ಸಿಕ್ಕೀತು, ಸಿಡಿಲಿನ ಸೂಚನೆ ಏನಿದೆ, ಪೇಟೆಯ ಧಾರಣೆ ಎಲ್ಲಿ ನಿಂತಿದೆ ಎಂಬುದನ್ನು ನೋಡಲೇಬೇಕಾದ ದಿನಗಳೂ ಅವೇ. ಕೈಯಲ್ಲಿರುವ ಒಂದೇ ಫೋನಿನ ಇಂಟರ್‌ನೆಟ್ಟನ್ನು, ಅದರ ಚಾರ್ಜನ್ನು ಆದಷ್ಟು ಉಳಿಸಿಕೊಂಡು, ಮನೆಯ ಲ್ಯಾಪ್‌ಟಾಪಿಗೂ ಒದಗಿಸುವ ಒಂದು ಸರಳ ಉಪಾಯವನ್ನು ಇಲ್ಲಿ ವಿವರಿಸಿದ್ದೇವೆ.

ಸುದ್ದಿಗೂ ಬೆಲೆಯುಂಟು

ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಿ ಕಂತುಗಳಿಗೆ ಕಾಯುತ್ತಿದ್ದ ಕಾಲದಲ್ಲಿ ದಿನದ ಧಾರಣೆ ತಿಳಿದರೂ ಬೆಳೆಗಾರ ಮಾಡಬಹುದಾದದ್ದು ಏನೂ ಇರಲಿಲ್ಲ. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರಕಿತು. ಅಂದಿನಿಂದ ಮಾರುವ ದಿನವನ್ನು ಗೊತ್ತುಮಾಡುವ ಹೊಣೆಯೂ ನಮ್ಮ ಹೆಗಲಿಗೇ ಬಿತ್ತು. ರೊಬಸ್ಟಾಗೆ ಲಂಡನ್ ಪೇಟೆ, ಅರೇಬಿಕಾಗೆ ನ್ಯೂಯಾರ್ಕ್ ಪೇಟೆ ದಿಕ್ಕು ತೋರಿಸುತ್ತವೆ. ವ್ಯಾಪಾರಿ ಕಣದ ಬಾಗಿಲಿಗೆ ಬಂದು ಒಂದು ದರ ಹೇಳಿದಾಗ, ಆ ದಿನದ ಧಾರಣೆ ತಿಳಿದವನಿಗೆ "ನೋಡೋಣ, ನಾಳೆ ಬನ್ನಿ" ಎನ್ನುವ ಧೈರ್ಯವಿರುತ್ತದೆ. ತಿಳಿಯದವನು ಕೊಟ್ಟಷ್ಟಕ್ಕೆ ಚೀಲ ಹೊರಿಸಬೇಕಾಗುತ್ತದೆ.

ಧಾರಣೆ ನೋಡಲು ಫೋನಿನ ಪರದೆ ಸಾಕು. ಆದರೆ ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಲೆಕ್ಕದ ಹಾಳೆ ಕಳಿಸುವುದು ಲ್ಯಾಪ್‌ಟಾಪಿನಲ್ಲೇ ಸಲೀಸು. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದಲ್ಲಿ ಅಲ್ಲಿಗೆ ಹೋಗುವ ಕಾಫಿಗೆ ತೋಟದ ಭೂಸ್ಥಾನದ ವಿವರವನ್ನೂ ಕೇಳಲಾಗಿದೆ. ಜಾರಿಯ ದಿನಾಂಕ ಮುಂದೂಡಿಕೆಯಾಗಿದ್ದರೂ ಇಂಥ ಕಾಗದಪತ್ರದ ಕೆಲಸ ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗದು.

ಬ್ಲೂಟೂತ್ ಎಂದರೇನು?

ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ದೊರೆಗೆ 'ನೀಲಿ ಹಲ್ಲಿನವ' ಎಂಬ ಅಡ್ಡಹೆಸರಿತ್ತು. ಚದುರಿದ್ದ ಜನರನ್ನು ಒಂದುಗೂಡಿಸಿದವನೆಂದು ಅವನ ಖ್ಯಾತಿ. ಬೇರೆ ಬೇರೆ ಯಂತ್ರಗಳನ್ನು ತಂತಿಯಿಲ್ಲದೆ ಒಂದುಗೂಡಿಸುವ ಈ ತಂತ್ರಕ್ಕೆ ಅವನ ಹೆಸರನ್ನೇ ಇಟ್ಟರು. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಷಿಬಾ ಎಂಬ 5 ಕಂಪನಿಗಳು 1998ರಲ್ಲಿ ಕೂಡಿ ಇದಕ್ಕೊಂದು ಒಕ್ಕೂಟ ಕಟ್ಟಿದವು. ಬಿಡಿಬಿಡಿಯಾಗಿ ಆಗದ್ದನ್ನು ಕೂಡಿ ಸಾಧಿಸುವ ಮಾತು ನಮ್ಮ ಸಂಘದ ಸದಸ್ಯರಿಗೆ ಹೊಸತೇನಲ್ಲ.

ಇದು ಸಣ್ಣ ಶಕ್ತಿಯ ರೇಡಿಯೋ. ಫೋನಿನಿಂದ ಸುಮಾರು 10 ಮೀಟರ್, ಅಂದರೆ 30 ಅಡಿ ದೂರದವರೆಗೆ ಮುಟ್ಟುತ್ತದೆ. ನಡುವೆ ದಪ್ಪ ಗೋಡೆಯಿದ್ದರೆ ಇನ್ನೂ ಕಡಿಮೆ. ಹಾಡು ಕೇಳಲು ಇದನ್ನು ಬಳಸುವವರು ಬಹಳ ಮಂದಿ. ಇದರ ಮೂಲಕ ಇಂಟರ್‌ನೆಟ್ಟನ್ನೂ ಹಂಚಬಹುದೆಂಬುದು ಹಲವರಿಗೆ ತಿಳಿದಿಲ್ಲ.

ಮೂರು ದಾರಿಗಳು

ಫೋನಿನ ಇಂಟರ್‌ನೆಟ್ ಹಂಚಲು ಮೂರು ದಾರಿಗಳಿವೆ. ಯುಎಸ್‌ಬಿ ತಂತಿಯದು ನಂಬಿಕೆಯ ದಾರಿ, ವೇಗವೂ ಹೆಚ್ಚು. ಆದರೆ ಫೋನನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಕಟ್ಟಿಹಾಕಿದಂತಾಗುತ್ತದೆ. ಜೊತೆಗೆ ಫೋನು ಲ್ಯಾಪ್‌ಟಾಪಿನಿಂದ ಚಾರ್ಜು ಎಳೆದುಕೊಳ್ಳುತ್ತದೆ. ಎರಡನೆಯದು ವೈಫೈ ಹಾಟ್‌ಸ್ಪಾಟ್. ದೂರಕ್ಕೂ ಮುಟ್ಟುತ್ತದೆ, ಹಲವು ಯಂತ್ರಗಳಿಗೆ ಸಾಕಾಗುತ್ತದೆ, ಆದರೆ ಫೋನು ಕಾಯ್ದು ಬ್ಯಾಟರಿ ಬೇಗ ಇಳಿಯುತ್ತದೆ. ಮೂರನೆಯದೇ ಬ್ಲೂಟೂತ್. ವೇಗ ಕಡಿಮೆ, ಚಾರ್ಜಿನ ಖರ್ಚೂ ಕಡಿಮೆ.

ವೇಗದ ಲೆಕ್ಕ ಹೀಗಿದೆ. ಬ್ಲೂಟೂತಿನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 2 ಮೆಗಾಬಿಟ್. ಒಂದು ಪಹಣಿ ಕೆಲವೇ ಸೆಕೆಂಡುಗಳಲ್ಲಿ ಬಂದೀತು. 10 ಮೆಗಾಬೈಟಿನ ಕಡತಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಬೇಕು. ಸಿನಿಮಾ ನೋಡಲು ಇದು ತಕ್ಕುದಲ್ಲ. ಅಂಗಡಿಯಲ್ಲಿ "ಇದು ಬ್ಲೂಟೂತ್ 5, ಬಹಳ ವೇಗ" ಎಂದರೆ ಅದಕ್ಕೆ ಮರುಳಾಗಬೇಕಾಗಿಲ್ಲ. ಇಂಟರ್‌ನೆಟ್ ಹಂಚಿಕೆ ನಡೆಯುವುದು ಹಳೆಯ ಬಗೆಯ ಬ್ಲೂಟೂತ್ ಮಾರ್ಗದಲ್ಲೇ. ಹೊಸ ಸಂಖ್ಯೆಯಿಂದ ಅದರ ವೇಗ ಹೆಚ್ಚುವುದಿಲ್ಲ.

ಇಷ್ಟು ನಿಧಾನವಾದುದು ಏಕೆ ಬೇಕು ಎಂದು ಕೇಳಬಹುದು. ತೋಟಕ್ಕೆ ನೀರು ಬಿಡುವವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಕೆರೆಯಿಂದ ಬರುವುದೇ ಅರ್ಧ ಅಂಗುಲದ ಧಾರೆಯಾದರೆ ತೋಟದೊಳಗೆ ಎರಡು ಅಂಗುಲದ ಪೈಪು ಎಳೆದು ಫಲವೇನು? ನಮ್ಮ ಕಣಿವೆಗಳಲ್ಲಿ ಸಿಗ್ನಲ್ಲಿನ ಒಂದು ಗೆರೆ ಬಂದರೆ ಹೆಚ್ಚು. ಟವರಿನಿಂದ ಬರುವುದೇ ಬ್ಲೂಟೂತ್ ಸಾಗಿಸುವುದಕ್ಕಿಂತ ಕಡಿಮೆಯಿರುವ ಕಡೆ ವೈಫೈ ಹಚ್ಚಿದರೂ ಕೆಲಸ ಬೇಗ ಮುಗಿಯದು.

ಫೋನು ಇಡುವ ಜಾಗ

ಸಿಗ್ನಲ್ ಕ್ಷೀಣವಾದ ಕಡೆ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ವ್ಯಯಿಸುತ್ತದೆ. ಈ ಖರ್ಚನ್ನು ಬ್ಲೂಟೂತ್ ತಪ್ಪಿಸದು, ಜಾಗ ತಪ್ಪಿಸುತ್ತದೆ. ಅಟ್ಟದ ಕಿಟಕಿಯಲ್ಲೋ ಜಗಲಿಯ ಮೂಲೆಯಲ್ಲೋ ಸಿಗ್ನಲ್ ಚೆನ್ನಾಗಿ ಸಿಗುವ ಜಾಗ ಗೊತ್ತುಮಾಡಿ ಫೋನನ್ನು ಅಲ್ಲಿ, ಇರಸಲು ತಾಗದಂತೆ ಇಡಿ. 30 ಅಡಿಯೊಳಗೆ, ಆದಷ್ಟು ಗೋಡೆ ಅಡ್ಡಬಾರದಂತೆ ಲ್ಯಾಪ್‌ಟಾಪು ಇಟ್ಟು ಕೂತು ಕೆಲಸ ಮಾಡಿ. ಕೊಡೆ ಹಿಡಿದು ಗುಡ್ಡದ ತಲೆಗೆ ಹತ್ತುವ ಶ್ರಮ ಕೆಲವರಿಗಾದರೂ ಉಳಿದೀತು.

ಜೋಡಿಸುವ ಕ್ರಮ

1. ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಬ್ಲೂಟೂತ್ ಆನ್ ಮಾಡಿ. ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲಿ ನಿಮ್ಮ ಫೋನಿನ ಹೆಸರು ಆರಿಸಿ.

2. ಎರಡೂ ಪರದೆಗಳಲ್ಲಿ ಒಂದು ಸಂಖ್ಯೆ ಮೂಡುತ್ತದೆ. ಎರಡೂ ಒಂದೇ ಆಗಿದ್ದರೆ ಮಾತ್ರ ಒಪ್ಪಿಗೆ ಒತ್ತಿ. ಈ ಜೋಡಣೆ ಒಮ್ಮೆ ಆದರೆ ಸಾಕು.

3. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಹಾಟ್‌ಸ್ಪಾಟ್ ಮತ್ತು ಟೆಥರಿಂಗ್' ಹುಡುಕಿ 'ಬ್ಲೂಟೂತ್ ಟೆಥರಿಂಗ್' ಆನ್ ಮಾಡಿ. ಐಫೋನಿನಲ್ಲಿ 'ಪರ್ಸನಲ್ ಹಾಟ್‌ಸ್ಪಾಟ್' ಆನ್ ಮಾಡಬೇಕು. ಮೊಬೈಲ್ ಡೇಟಾ ಆನ್ ಇರಲಿ.

4. ಹಲವರು ಜೋಡಣೆಯಾದೊಡನೆ ಕೆಲಸ ಮುಗಿಯಿತೆಂದು ಕೂರುತ್ತಾರೆ, ಇಂಟರ್‌ನೆಟ್ ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ಪರ್ಸನಲ್ ಏರಿಯಾ ನೆಟ್‌ವರ್ಕ್' ಸೇರುವ ಆಯ್ಕೆಗೆ ಹೋಗಿ, ಫೋನನ್ನು ಆರಿಸಿ, 'ಆಕ್ಸೆಸ್ ಪಾಯಿಂಟ್' ಆಗಿ ಸಂಪರ್ಕಿಸಬೇಕು. ಇದು ಪ್ರತಿ ಸಲದ ಕೆಲಸ.

ಎಚ್ಚರಿಕೆಗಳು

ಲ್ಯಾಪ್‌ಟಾಪು ಬಳಸಿದ ಡೇಟಾ ನಿಮ್ಮ ಸಿಮ್ಮಿನ ಲೆಕ್ಕಕ್ಕೇ ಬೀಳುತ್ತದೆ. ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸತೊಡಗಿದರೆ ದಿನದ ಪಾಲು ಅದಕ್ಕೇ ಮುಗಿದೀತು. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಕೆಲಕಾಲ ತಡೆದಿಡಿ.

ಜೋಡಣೆಯ ಸಂಖ್ಯೆ ಬೇರೆ, ಬ್ಯಾಂಕಿನ ಓಟಿಪಿ ಬೇರೆ. ಜೋಡಣೆಯ ಸಂಖ್ಯೆಯನ್ನು ಯಾರೂ ಫೋನು ಮಾಡಿ ಕೇಳುವುದಿಲ್ಲ. ಯಾರಾದರೂ ಸಂಖ್ಯೆ ಕೇಳಿದರೆ ಅದು ವಂಚನೆಯೆಂದೇ ತಿಳಿಯಿರಿ. ಬಸ್‌ಸ್ಟ್ಯಾಂಡಿನಲ್ಲಿ, ಮಂಡಿಯಲ್ಲಿ ಗುರುತಿಲ್ಲದ ಯಂತ್ರ ಜೋಡಣೆ ಕೋರಿದರೆ ನಿರಾಕರಿಸಿ. ಹಳೆಯ ಲ್ಯಾಪ್‌ಟಾಪನ್ನೋ ಫೋನನ್ನೋ ಮಾರುವ ಮೊದಲು ಹಳೆಯ ಜೋಡಣೆಗಳನ್ನು ಅಳಿಸಿಹಾಕಿ. ಕೆಲಸ ಮುಗಿದ ಮೇಲೆ ಟೆಥರಿಂಗ್ ಆಫ್ ಮಾಡುವುದು ಒಲೆಯ ಬೆಂಕಿ ತಗ್ಗಿಸಿದಷ್ಟೇ ಅಗತ್ಯ.

ಈ ಉಪಾಯಕ್ಕೂ ಮಿತಿಯಿದೆ. ಕರೆಂಟು ಹೋಗಿ ಟವರೇ ನಿಂತ ದಿನ ಬ್ಲೂಟೂತೂ ಇಲ್ಲ, ವೈಫೈಯೂ ಇಲ್ಲ. ಇಲ್ಲದ ಸಿಗ್ನಲ್ಲನ್ನು ಇದು ತಂದುಕೊಡಲಾರದು, ಇದ್ದುದನ್ನು ಹದವಾಗಿ ಬಳಸಲು ನೆರವಾಗುತ್ತದೆ. ಆದುದರಿಂದ ಅರ್ಜಿಗಳನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ ಟವರು ಎದ್ದ ದಿನವೇ ಮುಗಿಸುವುದು ಕ್ಷೇಮ.

ಜೋಡಿಸಲು ತೊಡಕಾದ ಸದಸ್ಯರು ಫೋನು, ಲ್ಯಾಪ್‌ಟಾಪು ಎರಡನ್ನೂ ಚಾರ್ಜು ಮಾಡಿಕೊಂಡು ಸಂಘದ ಕಛೇರಿಗೆ ಬಂದರೆ ಜೋಡಿಸಿ ತೋರಿಸುತ್ತೇವೆ. ಅಟ್ಟದಲ್ಲಿ ಸಿಗ್ನಲ್ ಇರುವ ಮನೆಯವರು ಇಲ್ಲದ ನೆರೆಯವರಿಗೂ ಸಂಜೆ ಅರ್ಧ ಗಂಟೆ ಜಗಲಿ ಬಿಟ್ಟುಕೊಡಬೇಕೆಂದು ಕೋರುತ್ತೇವೆ. ಧಾರಣೆ ಒಬ್ಬನಿಗೆ ತಿಳಿದರೆ ಅವನ ಚೀಲಕ್ಕೆ ಬೆಲೆ ಬಂದೀತು. ಊರಿಗೆಲ್ಲ ತಿಳಿದರೆ ಊರಿನ ಕಣಕ್ಕೆ ಬಂದ ವ್ಯಾಪಾರಿಯೂ ಸರಿಯಾದ ದರವನ್ನೇ ಹೇಳಬೇಕಾದೀತು.