ಪೇಪಾಲ್ ಹೆಸರಿನ ಹುಸಿ ಇ-ಮೇಲ್

ನಾರಾವಿಯಂತಹ ಊರಿನಿಂದ ಅಡಿಕೆ ಹಾಳೆಯ ತಟ್ಟೆಗಳನ್ನು ಹೊರದೇಶಕ್ಕೆ ಕಳುಹಿಸುವ ತಯಾರಕರಿಗೆ ಪೇಪಾಲ್ ಮೂಲಕ ಹಣ ಬರುವುದುಂಟು. ‘ನಿಮ್ಮ ಪಾವತಿಯನ್ನು ತಡೆಹಿಡಿಯಲಾಗಿದೆ, ಕೂಡಲೇ ಲಾಗಿನ್ ಆಗಿರಿ’ ಎಂಬ ಇ-ಮೇಲ್ ಬಂದಾಗ ಅವರು ನೋಡಬೇಕಾದುದು ಲಾಂಛನವನ್ನಲ್ಲ, ಕಳುಹಿಸಿದವರ ವಿಳಾಸದ ಕೊನೆಯನ್ನು. ಅದು ‘ಪೇಪಾಲ್ ಡಾಟ್ ಕಾಮ್’ ಎಂದೇ ಮುಗಿಯಬೇಕು. ನಡುವೆಲ್ಲೋ ಆ ಹೆಸರಿದ್ದರೆ ಸಾಲದು. ವಿಳಾಸವನ್ನೂ ನಕಲು ಮಾಡುವವರಿದ್ದಾರೆ. ಆದುದರಿಂದ ಲಿಂಕನ್ನು ಒತ್ತದೆ ಖಾತೆಯನ್ನು ತಾವೇ ತೆರೆದು ನೋಡುವುದು ಲೇಸು.

ಭಾರತದೊಳಗಿನ ಪಾವತಿ ಸೇವೆಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಬೆಂಗಳೂರಿನ ಗ್ರಾಹಕರು ಪೇಪಾಲ್‌ನಲ್ಲಿ ಹಣ ಕಟ್ಟಿದ್ದಾರೆಂಬ ಪತ್ರವು ಓದುವ ಶ್ರಮಕ್ಕೂ ಅರ್ಹವಲ್ಲ.

ಗ್ರಾಹಕರೇ ಪಾಸ್‌ವರ್ಡ್ ಬಿಟ್ಟುಕೊಟ್ಟಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ವಿಧಿಸಿತ್ತು. ಮೊದಲ ಕರೆ ಬ್ಯಾಂಕಿಗೆ, ಮರುಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.